ಹಾಡು ಕೆಟ್ಟಿತೆಂಬ ಹಳೆಯ ಹಾಡು

'ಈಗಿನ ಹಾಡಿನ್ಯಾಗ ಏನೈತ್ರಿ? ಬರೀ ಗದ್ದಲ!'

ತಾಳಿಕೋಟೆಯ ಚಹಾದಂಗಡಿಗಳಲ್ಲಿ ಈ ಮಾತಿಗೆ ಬರವಿಲ್ಲ. ಹೇಳುವವರು ಸಾಮಾನ್ಯವಾಗಿ ಐವತ್ತು ದಾಟಿದವರು. ಕೇಳಿಸಿಕೊಳ್ಳಬೇಕಾದವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುವುದರಿಂದ ಅವರಿಗೆ ಅದು ಕೇಳಿಸುವುದೇ ಇಲ್ಲ. ಹೀಗಾಗಿ ಜಗಳವೂ ಆಗುವುದಿಲ್ಲ, ಚಹಾವೂ ಆರುವುದಿಲ್ಲ. ಡ್ರೈವರನ ಪ್ರೀತಿ, ಮಾವನ ಮಗಳು, ಕೈಕೊಟ್ಟ ಹುಡುಗಿ, ಇವಿಷ್ಟು ಬಿಟ್ಟರೆ ಹೊಸ ಜಾನಪದ ಹಾಡಿಗೆ ಬೇರೆ ವಿಷಯವೇ ಇಲ್ಲವೆಂಬುದು ಹಿರಿಯರ ದೂರು. ಜಾತ್ರೆಯಲ್ಲಿ ಟ್ರ್ಯಾಕ್ಟರ್ ಮೇಲೆ ಆಳೆತ್ತರದ ಸ್ಪೀಕರ್ ಹೇರಿಕೊಂಡು ಬರುವ ಡಿ.ಜೆ. ಎದುರಾದರೆ ಆ ದೂರಿಗೆ ಇನ್ನಷ್ಟು ಬಲ ಬರುತ್ತದೆ. ಆದರೆ ಸದ್ದಿನಲ್ಲಿ ದೂರು ಯಾರಿಗೂ ಮುಟ್ಟುವುದಿಲ್ಲ.

ದೂರು ಸುಳ್ಳೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದು ಹೊಸದಲ್ಲ ಎಂಬುದಷ್ಟೇ ಇಲ್ಲಿಯ ವಿಚಾರ. ಹಾಡು ಕೆಟ್ಟಿತೆಂಬ ಮಾತಿಗೆ ನಮ್ಮ ಸೀಮೆಯಲ್ಲೇ ದೊಡ್ಡ ಇತಿಹಾಸವಿದೆ. ಆ ಇತಿಹಾಸದಲ್ಲಿ ಬೈಗುಳ ತಿಂದ ಹಾಡುಗಳೆಲ್ಲ ಬದುಕಿಕೊಂಡವು. ಬೈಗುಳದ ಪೆಟ್ಟು ಬಿದ್ದದ್ದು ಹಾಡಿದವರಿಗೆ.

ಆನೆಯ ಮೇಲೊಂದು ಹಾಡು

ಶಾಲೆಯ ಪುಸ್ತಕದಲ್ಲಿ ತಾಳಿಕೋಟೆ ಎಂದರೆ 1565ರ ಯುದ್ಧ, ವಿಜಯನಗರದ ಸೋಲು, ಅಷ್ಟೇ. ಗೆದ್ದವರಲ್ಲಿ ಒಬ್ಬರಾದ ಬಿಜಾಪುರದ ಆದಿಲಶಾಹಿಗಳ ಗದ್ದುಗೆಗೆ ಹದಿನೈದು ವರ್ಷಗಳ ನಂತರ, 1580ರಲ್ಲಿ, ಒಬ್ಬ ಸಣ್ಣ ಹುಡುಗ ಬಂದು ಕುಳಿತ. ಅವನೇ ಎರಡನೆಯ ಇಬ್ರಾಹಿಂ ಆದಿಲಶಹಾ. 1627ರವರೆಗೆ ಆಳಿದ ಈತನಿಗೆ ಜನ ಕೊಟ್ಟ ಹೆಸರು 'ಜಗದ್ಗುರು'. ಕತ್ತಿಗಿಂತ ತಂಬೂರಿಯ ಮೇಲೆ ಇವನಿಗೆ ಹೆಚ್ಚು ಪ್ರೀತಿ.

ಇಬ್ರಾಹಿಂ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದ. ಆಸ್ಥಾನದ ಪಂಡಿತರ ಭಾಷೆ ಪರ್ಷಿಯನ್; ಈತ ಬರೆದದ್ದು ಸಂತೆ ಬೀದಿಯ ದಖನಿಯಲ್ಲಿ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಪ್ರವಾದಿಯವರ ಸ್ತುತಿಯಿದೆ, ಕಲಬುರಗಿಯ ಬಂದೇನವಾಜರ ಸ್ತುತಿಯಿದೆ. ಜೊತೆಗೆ ದೊರೆಯ ಆನೆ ಆತಿಶ್‌ಖಾನನ ಮೇಲೆ, ಮೋತಿಖಾನ್ ಎಂದು ಹೆಸರಿಟ್ಟಿದ್ದ ತಂಬೂರಿಯ ಮೇಲೆ ಕೂಡ ಹಾಡುಗಳಿವೆ. ಇಂದಿನ ಹುಡುಗರು ತಮ್ಮ ಟ್ರ್ಯಾಕ್ಟರಿನ ಮೇಲೆ, ಬೈಕಿನ ಮೇಲೆ ಹಾಡು ಕಟ್ಟಿದರೆಂದು ನಗುವವರು ಇದನ್ನು ನೆನೆಯಬೇಕು. ತನ್ನ ವಾಹನದ ಮೇಲೆ ಹಾಡು ಕಟ್ಟುವ ಪದ್ಧತಿ ನಮ್ಮ ಜಿಲ್ಲೆಗೆ ಅರಮನೆಯಿಂದಲೇ ಬಂದ ಬಳುವಳಿ!

ಮೊಗಲರ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಾಗ ದೊರೆ ಸಂಗೀತದಲ್ಲಿ ಎಷ್ಟು ಮುಳುಗಿದ್ದನೆಂದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೂ ಅವನಿಗೆ ಕಷ್ಟವಾಗಿತ್ತಂತೆ. ನಾಣ್ಯಕ್ಕೆ, ಮುದ್ರೆಗೆ, ಅರಮನೆಗೆ ಅವನಿಟ್ಟದ್ದು ಒಂದೇ ಹೆಸರು: ನವರಸ್. ಸಂಗೀತಗಾರರಿಗಾಗಿ ಬಿಜಾಪುರದ ಪಕ್ಕದಲ್ಲಿ ನವರಸಪುರವೆಂಬ ಊರನ್ನೇ ಕಟ್ಟಿಸಿದ. ಅವನ ಹಾಡಿನ ಪುಸ್ತಕಕ್ಕೆ ಪರ್ಷಿಯನ್ ಭಾಷೆಯ ದೊಡ್ಡ ಕವಿ ಜುಹೂರಿ ಮುನ್ನುಡಿ ಬರೆದ. ಆನೆಯ ಮೇಲಿನ ಹಾಡು ಕೀಳೆಂದು ಎದುರಿಗೆ ನಿಂತು ಹೇಳುವ ಎದೆ ಆ ಆಸ್ಥಾನದಲ್ಲಿ ಯಾರಿಗಿದ್ದೀತು? ಹಾಡು ಕೆಟ್ಟಿತೆಂಬ ಮಾತು ಧಾರಾಳವಾಗಿ ಹೊರಡುವುದು ಹಾಡುವವರು ಬಡವರಾದಾಗ, ಕೀಳೆಂದು ಎಣಿಸಿದ ಮನೆಯವರಾದಾಗ.

ಒನ್ಸ್‌ಮೋರ್ ಕಾಲ

ದೊರೆಗಳ ಕಾಲ ಮುಗಿದು ಬ್ರಿಟಿಷರು ಬಂದ ಮೇಲೆ ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಆಗ ಇಲ್ಲಿಯವರ ಹೊಸ ಮೋಜು ಎಂದರೆ ಮರಾಠಿ ಸಂಗೀತ ನಾಟಕ. 1880ರಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡಿಗರು ದುಡ್ಡು ಕೊಟ್ಟು ಮರಾಠಿ ನಾಟಕ ನೋಡಿ ಅದೇ ಹಾಡು ಗುನುಗುತ್ತಿದ್ದುದನ್ನು ಕಂಡು ಸಂಕಟಪಟ್ಟವರಲ್ಲಿ ಶಾಂತಕವಿಗಳು ಒಬ್ಬರು. ಅವರ ನಿಜ ಹೆಸರು ಸಕ್ಕರಿ ಬಾಳಾಚಾರ್ಯ. ಆದರೆ ಅವರು ಬರೀ ಬೈದು ಕೂಡಲಿಲ್ಲ. 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡದ್ದೇ ನಾಟಕ ಮಂಡಳಿ ಕಟ್ಟಿ, ತಾವೇ ನಾಟಕ ಬರೆದರು. ಹಾಡು ಸರಿಯಿಲ್ಲವೆಂದವರಲ್ಲಿ ಬೇರೆ ಹಾಡು ಬರೆದುಕೊಟ್ಟವರು ವಿರಳ. ಆ ವಿರಳರಲ್ಲಿ ಇವರ ಹೆಸರು ದೊಡ್ಡದು.

ಮುಂದೆ ಕಂಪನಿ ನಾಟಕಗಳು ಊರೂರಿಗೆ ಬಂದವು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, ಜಾತ್ರೆಯ ಬಯಲಿನಲ್ಲಿ ತಗಡಿನ ಥೇಟರು ಏಳುತ್ತಿತ್ತು. ಕಥೆ ಏನಾದರೂ ಇರಲಿ, ಜನಕ್ಕೆ ಬೇಕಾದದ್ದು ಹಾಡು. ಹಾಡು ಚೆನ್ನಾಗಿದ್ದರೆ 'ಒನ್ಸ್‌ಮೋರ್' ಕೂಗು. ರಂಗದ ಮೇಲೆ ಆಗತಾನೆ ಸತ್ತು ಬಿದ್ದ ಪಾತ್ರ ಆ ಕೂಗಿಗೆ ಎದ್ದು ಕುಳಿತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿತ್ತೆಂದು ಹಿರಿಯರು ನಗುತ್ತಾ ಹೇಳುವುದುಂಟು. 'ಇದೇನು ನಾಟಕವೋ ಕಚೇರಿಯೋ' ಎಂದು ಬಲ್ಲವರು ಮೂಗು ಮುರಿದರು. ಆದರೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಮಹಾ ಗಾಯಕರು ಹುಡುಗರಾಗಿದ್ದಾಗ ಬಣ್ಣ ಹಚ್ಚಿ ಹಾಡಿದ್ದು ಇಂಥದೇ ರಂಗದ ಮೇಲೆ, ವಾಮನರಾವ್ ಮಾಸ್ತರರ ಕಂಪನಿಯಲ್ಲಿ. ಮೂಗು ಮುರಿದವರ ಮೊಮ್ಮಕ್ಕಳು ಮುಂದೆ ಟಿಕೆಟ್ ಕೊಂಡು ಅವರ ಕಚೇರಿ ಕೇಳಿದರು.

ಬೀಳಗಿಯ ಅಕ್ಕತಂಗಿಯರು

ಗಂಡಸರು ಹಾಡಿ ದೊಡ್ಡವರಾದರು ಸರಿ. ಹೆಣ್ಣುಮಕ್ಕಳ ಕಥೆ ಬೇರೆ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಇಬ್ಬರು ಸೋದರಿಯರನ್ನೇ ನೋಡಿ. ಬೀಳಗಿ 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಒಬ್ಬರು ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ. ಹೆಸರಿನ ಮುಂದೆ ಇಬ್ಬರೂ ಇಟ್ಟುಕೊಂಡದ್ದು 'ಕರ್ನಾಟಕಿ' ಎಂಬ ಗುರುತು.

ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿ ನಟಿಸಿದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳು ಅವರ ಹೆಸರನ್ನು ದೇಶದ ತುಂಬ ಹಬ್ಬಿಸಿದವು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಆ ಚಿತ್ರ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅದರಲ್ಲಿ ಕವಿ ಪ್ರದೀಪ್ ಬರೆದ, ಪರಕೀಯರನ್ನು ದೂರ ಸರಿಯಿರೆನ್ನುವ ಗೀತೆಯೊಂದಿತ್ತು. ಜರ್ಮನಿ, ಜಪಾನಿನ ಹೆಸರು ಹಾಡಿನಲ್ಲಿದ್ದುದರಿಂದ ಬ್ರಿಟಿಷರ ಸೆನ್ಸಾರಿಗೆ ಅದು ತಮ್ಮ ಶತ್ರುಗಳ ಮೇಲಿನ ಹಾಡಾಗಿ ಕಂಡಿತು. ಜನಕ್ಕೆ ಮಾತ್ರ ಅದರ ಗುರಿ ಯಾರೆಂದು ಚೆನ್ನಾಗಿ ಗೊತ್ತಿತ್ತು. ಕ್ವಿಟ್ ಇಂಡಿಯಾ ಚಳವಳಿಯ ಆ ದಿನಗಳಲ್ಲಿ ಈ ಗೀತೆಗೆ ದನಿಗೂಡಿಸಿದವರು ನಮ್ಮ ಬೀಳಗಿಯ ಅಮೀರಬಾಯಿ.

ಗೋಹರಬಾಯಿಯವರ ಪಾಲಿಗೆ ಬಂದದ್ದು ಬೇರೆ ಬಗೆಯ ಹೆಸರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಕ್ಕೆ ಮನೆಮಾತಾಗಿದ್ದ ಬಾಲಗಂಧರ್ವರ ಕಂಪನಿಗೆ ಅವರು 1930ರ ದಶಕದ ಕೊನೆಯಲ್ಲಿ ಸೇರಿದರು. ಬಾಲಗಂಧರ್ವರ ಎದುರಿಗೆ ನಿಜವಾದ ಹೆಣ್ಣೊಬ್ಬಳು ನಿಂತು ಹಾಡುವುದನ್ನು ಅವರ ಅಭಿಮಾನಿಗಳು ಸಹಿಸಲಿಲ್ಲ. ಕಂಪನಿ ಸೊರಗಿದ್ದಕ್ಕೂ, ಗಂಧರ್ವರು ಬಡವರಾದದ್ದಕ್ಕೂ ಈಕೆಯೇ ಕಾರಣವೆಂಬ ಮಾತು ಹಬ್ಬಿತು. ಟಾಕಿ ಬಂದು ನಾಟಕ ಕಂಪನಿಗಳೆಲ್ಲ ಸೊರಗುತ್ತಿದ್ದ ಕಾಲವದು ಎಂಬುದನ್ನು ಆಡಿಕೊಳ್ಳುವವರು ಮರೆತರು. ಬಾಲಗಂಧರ್ವರ ಕಾಲು ಸೋತ ಮೇಲೆ ಅವರನ್ನು ನೋಡಿಕೊಂಡವರು ಇದೇ ಗೋಹರಬಾಯಿ. ಅವರು 1964ರಲ್ಲಿ ತೀರಿಕೊಂಡರು. ಮರುವರ್ಷ ಅಮೀರಬಾಯಿ ಹೋದರು. ತಂಗಿಯ ಹೆಸರಿನ 'ಅಮೀರ್ ಟಾಕೀಸ್' ಬಿಜಾಪುರದಲ್ಲಿ ಎದ್ದಿತ್ತು. ಮುಂದೆ ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆ ಬರೆಯುವವರೆಗೆ ಅವರ ಬದುಕಿನ ವಿವರಗಳು ಕನ್ನಡಿಗರಿಗೇ ಸರಿಯಾಗಿ ತಿಳಿದಿರಲಿಲ್ಲ.

ಗಾಯಕ ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಹೆಣ್ಣು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಗಂಗೂಬಾಯಿ ಹಾನಗಲ್ಲರು ಹೇಳುತ್ತಿದ್ದುದು ಪ್ರಸಿದ್ಧ. ಅವರ ಮೊದಲ ಗ್ರಾಮಾಫೋನ್ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಕೂಡ 'ಗಾಂಧಾರಿ ಹುಬ್ಬಳ್ಳಿ'.

ಪೆಟ್ಟಿಗೆಯ ಗ್ರಹಚಾರ

ಹಾಡುವವರನ್ನಷ್ಟೇ ಅಲ್ಲ, ವಾದ್ಯವನ್ನೂ ಜನ ಬೈದರು. ನಮ್ಮ ಕಡೆ 'ಪೆಟ್ಟಿಗಿ' ಎನ್ನುವ ಹಾರ್ಮೋನಿಯಂ ಇಲ್ಲದೆ ಭಜನೆಯಿಲ್ಲ, ದೊಡ್ಡಾಟವಿಲ್ಲ, ಮಠದ ಪುರಾಣವಿಲ್ಲ. ಅದಕ್ಕಿಂತ ಹಳೆಯ, ಸಂಪ್ರದಾಯಸ್ಥ ವಾದ್ಯ ಇನ್ನೊಂದಿಲ್ಲವೆಂದು ನಮ್ಮ ನಂಬಿಕೆ. ವಾಸ್ತವದಲ್ಲಿ ಅದು 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಕಾಲಿನಿಂದ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ಒತ್ತುವಂತೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ನಮ್ಮ ರಾಗದ ಸೂಕ್ಷ್ಮ ಶ್ರುತಿಗಳು ಇದರಲ್ಲಿ ಬರುವುದಿಲ್ಲವೆಂದು ವಿದ್ವಾಂಸರು ದೂರಿದರು. ರವೀಂದ್ರನಾಥ ಠಾಕೂರರಿಗೂ ಅದು ಸೇರುತ್ತಿರಲಿಲ್ಲ. 1940ರಲ್ಲಿ ಆಕಾಶವಾಣಿಯೇ ಅದನ್ನು ಹೊರಗೆ ಹಾಕಿತು. ನಿರ್ಬಂಧ ಸಡಿಲಾಗತೊಡಗಿದ್ದು ಮೂವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಪೆಟ್ಟಿಗೆ ಊರೂರ ಗುಡಿಗಳಲ್ಲಿ ಕಾಯಂ ಸದಸ್ಯನಾಗಿಬಿಟ್ಟಿತ್ತು.

ಸ್ವಾತಂತ್ರ್ಯದ ನಂತರ ಇನ್ನೊಂದು ಪ್ರಸಂಗ ನಡೆಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆಂಬುದು ಅವರ ಖಚಿತ ಅಭಿಪ್ರಾಯ. ಆಕಾಶವಾಣಿಯಲ್ಲಿ ಅವುಗಳ ಸಮಯ ಕಡಿತವಾಯಿತು. ನಿರ್ಮಾಪಕರ ಜೊತೆಗೂ ವಿವಾದ ಬೆಳೆದು, ಚಿತ್ರಗೀತೆ ಹೆಚ್ಚುಕಡಿಮೆ ಮಾಯವೇ ಆಯಿತು. ಶಾಸ್ತ್ರೀಯ ಸಂಗೀತಕ್ಕೆ ಇದರಿಂದ ದೊಡ್ಡ ವೇದಿಕೆ ಸಿಕ್ಕಿತೆಂಬುದು ನಿಜ. 1950ರಲ್ಲಿ ಶುರುವಾಗಿದ್ದ ಧಾರವಾಡ ನಿಲಯದ ಮೂಲಕವೇ ನಮ್ಮ ಎಷ್ಟೋ ಮನೆಗಳಿಗೆ ಹಿಂದುಸ್ತಾನಿ ಗಾಯನ ಬಂದಿತು. ಆದರೆ ಚಿತ್ರಗೀತೆ ಬೇಕಾದವರೇನು ಸುಮ್ಮನಿದ್ದರೇ? ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿದರು. ಅದೇ 1952ರ ಕೊನೆಗೆ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ಬುಧವಾರ ರಾತ್ರಿ ರೇಡಿಯೋ ಇದ್ದವರ ಮನೆಗೆ ಇಲ್ಲದವರೆಲ್ಲ ನೆಂಟರಾದರು. ಕೊನೆಗೆ ಸರಕಾರವೇ ಸೋತು 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ' ಆರಂಭಿಸಿತು. ಅಭಿರುಚಿ ಕೆಡಿಸುತ್ತವೆಂದು ಅಂದು ಹೊರಗಿಟ್ಟ ಹಾಡುಗಳನ್ನೇ ಇಂದು 'ಓಲ್ಡ್ ಈಸ್ ಗೋಲ್ಡ್' ಎಂದು ಕಣ್ಣುಮುಚ್ಚಿ ಆಸ್ವಾದಿಸುತ್ತೇವೆ.

ಮುಂದೆ ಕ್ಯಾಸೆಟ್ ಬಂದಾಗಲೂ ಇದೇ ಆಯಿತು. 1987ರಲ್ಲಿ 'ಪ್ರೇಮಲೋಕ' ಬಂದು ಹಂಸಲೇಖರ ಹಾಡುಗಳು ಓಣಿ ಓಣಿಯಲ್ಲಿ ಮೊಳಗಿದಾಗ, ಆಡುಮಾತನ್ನೇ ರಾಗವಾಗಿ ಎಳೆದರೆ ಅದು ಹಾಡಾಗುತ್ತದೆಯೇ ಎಂದು ಗೊಣಗಿದ ಹಿರಿಯರಿದ್ದರು. ಅಂದು ಬೈಸಿಕೊಂಡ ಹುಡುಗರಿಗೆ ಇಂದು ಐವತ್ತು ದಾಟಿದೆ. ಮೊಬೈಲ್ ಹಿಡಿದ ಮಕ್ಕಳಿಗೆ ಈಗ ಅವರು ಹೇಳುವುದೇನು? 'ನಮ್ಮ ಕಾಲದ ಹಾಡು ಕೇಳ್ರಿ, ಎಂಥಾ ಸಾಹಿತ್ಯ!'

ಬೈಯಬೇಕಾದದ್ದು ಯಾವುದನ್ನು?

ಹಾಗಾದರೆ ಹೊಸದೆಲ್ಲ ಚೆಂದವೆಂದು ತಲೆದೂಗಬೇಕೇ? ಬೇಕಿಲ್ಲ. ಹೆಣ್ಣುಮಕ್ಕಳನ್ನು ಹೀಯಾಳಿಸುವ ಸಾಲು ಹೊಸ ಹಾಡಿನಲ್ಲಿದ್ದರೂ ಕೆಟ್ಟದ್ದೇ, ಹಳೆಯ ಹಾಡಿನಲ್ಲಿದ್ದರೂ ಕೆಟ್ಟದ್ದೇ. ಸದ್ದಿನ ಮಾತಂತೂ ರುಚಿಯ ಪ್ರಶ್ನೆಯೇ ಅಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಮಲಗಿದ ಕೂಸು, ಎದೆನೋವಿನ ಮುದುಕ, ಪರೀಕ್ಷೆಗೆ ಓದುವ ಹುಡುಗಿ ಇವರ ಪರವಾಗಿ ದೂರು ಕೊಡುವುದು ನ್ಯಾಯ. ಅಲ್ಲಿ ತಪ್ಪು ಸ್ಪೀಕರಿನದು. ಹಾಡು ಕಟ್ಟಿದ ಹುಡುಗನದಲ್ಲ.

ಈ ಹುಡುಗರನ್ನು ಕುರಿತು ಇನ್ನೊಂದು ನಗೆಯಿದೆ. ತಮ್ಮ ಹಾಡಿನೊಳಗೇ ಅವರು ತಮ್ಮ ಹೆಸರು, ಊರು, ಬರೆದವನ ಹೆಸರು, ಕೆಲವೊಮ್ಮೆ ಮೊಬೈಲ್ ನಂಬರನ್ನೂ ತೂರಿಸಿಬಿಡುತ್ತಾರೆ. 'ಹಾಡೋ ಜಾಹೀರಾತೋ' ಎಂದು ನಾವು ನಗುತ್ತೇವೆ. ಆದರೆ ನಮ್ಮ ಸೀಮೆಯ ಗೀಗೀ ಪದಗಳನ್ನು, ಮೊಹರಂ ದಿನಗಳ ರಿವಾಯತ್ ಪದಗಳನ್ನು ಕೇಳಿದವರಿಗೆ ಗೊತ್ತು: ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಪದ ಕಟ್ಟಿದವನ ಹೆಸರು ಬರುವುದು ಅಲ್ಲಿಯ ಸಂಪ್ರದಾಯ. ಪುಸ್ತಕದಲ್ಲಿ ಹೆಸರು ಅಚ್ಚಾಗುವ ಭಾಗ್ಯವಿಲ್ಲದವನಿಗೆ ಆ ಒಂದು ನುಡಿಯೇ ದಾಖಲೆ.

ಗ್ರಾಮಾಫೋನ್ ಭಾರತಕ್ಕೆ ಬಂದ ಹೊಸತರಲ್ಲಿ, 1902ರಲ್ಲಿ, ಕಲ್ಕತ್ತೆಯ ಗೋಹರ್ ಜಾನ್ ಹಾಡಿದರು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳುತ್ತಿದ್ದರು. ಬಜಾರಿನ ಹೆಂಗಸಿನ ಹಾಡೆಂದು ಅಂದಿನ ಸಭ್ಯರು ಮುಖ ತಿರುಗಿಸಿದರು. ಕೊನೆಗಾಲದಲ್ಲಿ ಮೈಸೂರು ಅರಮನೆ ಅವರಿಗೆ ಆಸರೆ ಕೊಟ್ಟಿತು. ಅಲ್ಲಿಯೇ 1930ರಲ್ಲಿ ಅವರು ತೀರಿಕೊಂಡರು. ಮುಖ ತಿರುಗಿಸಿದವರು ಯಾರೆಂದು ಇಂದು ಯಾರಿಗೂ ಗೊತ್ತಿಲ್ಲ. ಹಳೆಯ ತಟ್ಟೆಯ ಮೇಲೆ ಮುಳ್ಳು ಇಟ್ಟರೆ ಮಾತ್ರ ಆ ಹೆಸರು ಈಗಲೂ ಕೇಳಿಸುತ್ತದೆ.