ಪಾಲ್ ಹ್ಯಾರಿಸ್ ಸ್ಮಾರಕ ವಿದ್ಯಾರ್ಥಿವೇತನದ ಇತಿವೃತ್ತ

ಗತಿಸಿದ ಮಹನೀಯರ ನೆನಹನ್ನುಳಿಸಲು ಕೆಲವರು ಗದ್ದುಗೆಯನ್ನು ಕಟ್ಟಿಸುವರು. ಕೆಲವರು ಅನ್ನಸಂತರ್ಪಣೆಯನ್ನು ನಡೆಯಿಸುವರು. ವಿದ್ಯಾದಾನವೂ ಅಂಥದೊಂದು ಸ್ಮಾರಕವೆಂಬುದನ್ನು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ವಿವರಿಸಬೇಕಾದುದಿಲ್ಲ. ಅಮೇರಿಕೆಯಲ್ಲಿ ಹುಟ್ಟಿದ ರೋಟರಿಯೆಂಬ ಸೇವಾಸಂಘವು ತನ್ನ ಸ್ಥಾಪಕರ ಸ್ಮರಣೆಗಾಗಿ ಇದೇ ದಾರಿಯನ್ನು ಹಿಡಿದುದು ತಿಳಿಯತಕ್ಕ ಸಂಗತಿಯಾಗಿದೆ.

ಆ ಸ್ಥಾಪಕರಾದ ಪಾಲ್ ಹ್ಯಾರಿಸರು 1868ನೆಯ ಇಸವಿ ಏಪ್ರಿಲ್ 19ರಂದು ಜನಿಸಿದರು. ತಂದೆಯ ವ್ಯಾಪಾರವು ಕೆಟ್ಟುದರಿಂದ ಮೂರರ ಬಾಲಕನು ವರ್ಮಾಂಟ್ ಪ್ರಾಂತದ ವಾಲಿಂಗ್‌ಫರ್ಡ್ ಎಂಬ ಊರಲ್ಲಿ ಅಜ್ಜ-ಅಜ್ಜಿಯರ ಆಶ್ರಯಕ್ಕೆ ಬಂದನು. ಪರರ ನೆರವಿನಿಂದ ಓದುವುದೇನೆಂಬುದನ್ನು ಅವರು ಹೀಗೆ ಎಳವೆಯಲ್ಲಿಯೇ ಅರಿತಿದ್ದರೆನ್ನಬಹುದು. 1891ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದೂ ಐದು ವರ್ಷ ವಕೀಲಿಯನ್ನು ಹಿಡಿಯದೆ, ಪತ್ರಿಕೆಯ ಬಾತ್ಮೀದಾರ, ದನಗಾಹಿ, ಅಮೃತಶಿಲೆಯ ಮಾರಾಟಗಾರ ಮೊದಲಾದ ಕಾಯಕಗಳಿಂದ ಹೊಟ್ಟೆ ಹೊರೆದು ದೇಶ ತಿರುಗಿ, 1896ರಲ್ಲಿ ಶಿಕಾಗೋ ನಗರದಲ್ಲಿ ನೆಲೆನಿಂತರು. ಅಲ್ಲಿ 1905ನೆಯ ಇಸವಿ ಫೆಬ್ರುವರಿ 23ರಂದು ಒಬ್ಬ ಕಲ್ಲಿದ್ದಲಿನ ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ಉಡುಪಿನ ವ್ಯಾಪಾರಿ ಇವರೊಡನೆ ಕೂಡಿ ಸಂಘವನ್ನು ಸ್ಥಾಪಿಸಿದರು. ಸಭೆಯು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ, ತಿರುಗುವುದೆಂಬ ಅರ್ಥದ ರೋಟರಿ ಎಂಬ ಹೆಸರು ಬಂದಿತು.

1917ರಲ್ಲಿ ಅಧ್ಯಕ್ಷರಾಗಿದ್ದ ಆರ್ಚ್ ಕ್ಲಂಫ್‌ರವರು ಲೋಕೋಪಕಾರಕ್ಕಾಗಿ ಶಾಶ್ವತ ನಿಧಿಯೊಂದು ಬೇಕೆಂದು ಸೂಚಿಸಿದರು. ಮರುವರ್ಷ ಕ್ಯಾನ್ಸಸ್ ಸಿಟಿಯ ಸಂಘದಿಂದ ಬಂದ ಮೊದಲ ಕಾಣಿಕೆಯು 26 ಡಾಲರು 50 ಸೆಂಟು ಮಾತ್ರ! 1928ರ ಹೊತ್ತಿಗೆ ನಿಧಿಯು 5,000 ಡಾಲರನ್ನು ದಾಟಿತ್ತು. 1937ರಲ್ಲಿ 20 ಲಕ್ಷ ಡಾಲರು ಕೂಡಿಸಬೇಕೆಂದು ಸಂಕಲ್ಪಿಸಿದರೂ ಮಹಾಯುದ್ಧವು ಬಂದೊದಗಿ ಅದು ಅಲ್ಲಿಗೇ ನಿಂತಿತು. ಸಂಘವು ದೇಶದೇಶಗಳಲ್ಲಿ ಹಬ್ಬಿದ್ದರೂ ನಿಧಿಯು ಸೊರಗಿಯೇ ಇತ್ತು.

1947ನೆಯ ಇಸವಿ ಜನವರಿ 27ರಂದು ಹ್ಯಾರಿಸರು ತೀರಿಕೊಂಡರು. ತಮ್ಮ ಸಮಾಧಿಗೆ ಪುಷ್ಪಗಳನ್ನು ತರುವ ಬದಲು ಆ ಹಣವನ್ನು ನಿಧಿಗೆ ಸಲ್ಲಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಮೂವತ್ತು ವರ್ಷಗಳ ಯಾಚನೆಯಿಂದಾಗದುದು ಆ ಒಂದು ಅಪೇಕ್ಷೆಯಿಂದಾಯಿತು. ಹದಿನೆಂಟು ತಿಂಗಳಲ್ಲಿ 13 ಲಕ್ಷ ಡಾಲರು ಹರಿದುಬಂದಿತು. ಅದೇ ವರ್ಷ 18 ಮಂದಿ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಆಯ್ಕೆಯಾದರು. ವೇತನವನ್ನು ಪಡೆದವರು ಪರದೇಶದಲ್ಲಿಯೇ ಓದಿ, ಅಲ್ಲಿಯ ಜನರೊಡನೆ ಸ್ನೇಹವನ್ನು ಬೆಳೆಸಬೇಕೆಂಬುದು ನಿಬಂಧನೆ. ಯುದ್ಧದ ಗಾಯಗಳು ಇನ್ನೂ ಮಾಯದಿದ್ದ ಆ ಕಾಲದಲ್ಲಿ ಈ ನಿಬಂಧನೆಯೇ ಸ್ಮಾರಕದ ಜೀವವಾಗಿತ್ತು. ವಿಚಿತ್ರವೆಂದರೆ, 1957ರಿಂದ ‘ಪಾಲ್ ಹ್ಯಾರಿಸ್ ಫೆಲೋ’ ಎಂಬ ಬಿರುದು ಓದುವವರಿಗಲ್ಲ, ಸಾವಿರ ಡಾಲರು ಕೊಡುವ ದಾನಿಗಳಿಗೆ ಸಲ್ಲುತ್ತಿದೆ! ಹಳೆಯ ಕ್ರಮದ ವೇತನವು 2013ರಲ್ಲಿ ಕೊನೆಗೊಂಡು, ಬೇರೆ ಹೆಸರಿನ ಅನುದಾನಗಳಾಗಿ ಮಾರ್ಪಟ್ಟಿತು.

ಹೀಗೆ ಓದಿದವರಲ್ಲಿ ಜಪಾನದ ಸದಾಕೊ ಒಗಾತಾ ಎಂಬವರೊಬ್ಬರು. ಇವರ ಮುತ್ತಜ್ಜ ಪ್ರಧಾನಿ ಇನುಕಾಯಿಯವರು 1932ರಲ್ಲಿ ತಮ್ಮ ದೇಶದ ನೌಕಾಪಡೆಯ ಅಧಿಕಾರಿಗಳಿಂದಲೇ ಹತರಾಗಿದ್ದರು. ಶತ್ರುದೇಶವಾಗಿದ್ದ ಅಮೇರಿಕೆಯೊಡನೆ ಜಪಾನವು ಶಾಂತಿಯ ಕೌಲಿಗೆ ರುಜು ಹಾಕಿದ 1951ರಲ್ಲಿಯೇ ಈಕೆ ಈ ವೇತನವನ್ನು ಪಡೆದು ಆ ದೇಶದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ನಲವತ್ತು ವರ್ಷಗಳ ತರುವಾಯ, 1991ರಲ್ಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರಾದರು. ಅದೇ ವರ್ಷ ಇರಾಕಿನಿಂದೋಡಿದ ಕುರ್ದ ಜನರಿಗೆ ತುರ್ಕಿಯು ಗಡಿಯನ್ನು ಮುಚ್ಚಿದಾಗ, ಗಡಿ ದಾಟಿದವರೇ ನಿರಾಶ್ರಿತರೆಂಬ ಹಳೆಯ ಕಟ್ಟಳೆಗೆ ಕಟ್ಟುಬೀಳದೆ, ಇರಾಕಿನೊಳಗೇ ಉಳಿದವರಿಗೂ ರಕ್ಷಣೆಯನ್ನು ಕೊಡಿಸಿದರು.