ಬಿಳಿ ತೊಗಟೆಯ ಮೂರು ಮರಗಳು: ಬೇಲೂರು–ಅರಸೀಕೆರೆ ಸೀಮೆಯಲ್ಲಿ ಮರ ಗುರುತಿಸುವ ಒಂದು ತೊಡಕು

ಹಾಸನ ಜಿಲ್ಲೆಯ ಸಸ್ಯಗಳ ಅಧ್ಯಯನಕ್ಕೆ ಇಂದಿಗೂ ಆಧಾರವಾಗಿರುವುದು ಸೆಸಿಲ್ ಸಲ್ಡಾನ್ಹ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿ 1976ರಲ್ಲಿ ಹೊರತಂದ ‘ಫ್ಲೋರ ಆಫ್ ಹಾಸನ್ ಡಿಸ್ಟ್ರಿಕ್ಟ್’. ಈ ಬಗೆಯ ಗ್ರಂಥಗಳ ಗುರುತಿನ ಕೀಲಿಗಳು ಬಹುಮಟ್ಟಿಗೆ ಹೂ, ಕಾಯಿ, ಎಲೆಗಳನ್ನೇ ನೆಚ್ಚಿರುತ್ತವೆ. ಸಂಗ್ರಹಾಲಯದ ಹಾಳೆಗೆ ಒಣಗಿಸಿ ಅಂಟಿಸಲು ಬರುವುದು ರೆಂಬೆಯೇ ಹೊರತು ಕಾಂಡವಲ್ಲ. ಬೇಸಿಗೆಯಲ್ಲಿ ಬೋಳಾಗಿ ನಿಂತ ಮರದ ಎದುರು ಮಾತ್ರ ತೊಗಟೆಯೊಂದೇ ಗತಿ. ಅದನ್ನು ಎಷ್ಟು ನಂಬಬಹುದು?

ಅರೆಮಲೆನಾಡಿನ ಬೇಲೂರಿನಿಂದ ಹಳೇಬೀಡು, ಜಾವಗಲ್, ಬಾಣಾವರ ಹಾದು ಅರಸೀಕೆರೆ ಮುಟ್ಟುವಷ್ಟರಲ್ಲಿ ಮಳೆ ತಗ್ಗುತ್ತದೆ. ಕಾಫಿತೋಟದ ನೆರಳುಮರಗಳು ಹಿಂದುಳಿದು ತೆಂಗು, ಜಾಲಿ, ಕುರುಚಲು ಗುಡ್ಡಗಳು ಎದುರಾಗುತ್ತವೆ. ಇಂಥ ಸೀಮೆಯಲ್ಲಿ ಗೊಂದಲ ಹುಟ್ಟಿಸುವುದು ಕರಿಮತ್ತಿಯಲ್ಲ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿದ ಅದರ ಕಪ್ಪು ತೊಗಟೆ ದೂರದಿಂದಲೇ ಗುರುತು ಸಿಗುತ್ತದೆ. ತೊಡಕಿರುವುದು ಹೊಳೆಮತ್ತಿ, ದಿಂಡಿಗ, ನಂದಿ ಎಂಬ ಮೂರು ಬಿಳಿಮರಗಳಲ್ಲಿ.

ಹೊಳೆಮತ್ತಿಯ ತೊಗಟೆ ನುಣುಪು, ತೆಳುಹಾಳೆಗಳಾಗಿ ಕಳಚುತ್ತದೆ. ನಂದಿಯದೂ ಹಾಗೆಯೇ. ದಿಂಡಿಗದಲ್ಲಿ ಚಕ್ಕೆ ಉದುರಿದ ಕಡೆ ಆಳವಿಲ್ಲದ ಗುಳಿ ಉಳಿಯುತ್ತದೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರುವುದು ದುಡುಕು. ಮೊದಲು ನೆಲ ನೋಡಬೇಕು. ಐದು ರೆಕ್ಕೆಯ ಗಟ್ಟಿಕಾಯಿ ಬಿದ್ದಿದ್ದರೆ ಮತ್ತಿಯ ಬಳಗ. ರೆಕ್ಕೆಯ ಮೇಲಿನ ಗೆರೆಗಳು ಅಂಚಿನತ್ತ ನೇರವಾಗಿ ಹಾಯ್ದರೆ ಕರಿಮತ್ತಿ, ಮೇಲಕ್ಕೆ ಬಾಗಿದ್ದರೆ ಹೊಳೆಮತ್ತಿ. ಒಣಗಿ ಬಾಯಿಬಿಟ್ಟ ಸಂಪುಟಕಾಯಿ ಕಂಡರೆ ನಂದಿ. ದಿಂಡಿಗದ್ದು ಗುಂಡು ಗೊಂಚಲಿನಲ್ಲಿ ಒತ್ತಾಗಿ ಕೂತ ಪುಟ್ಟ ಕಾಯಿ. ಆಮೇಲೆ ಜಾಗ: ಹೊಳೆಮತ್ತಿ ಯಗಚಿಯಂಥ ಹೊಳೆಯ ದಡ ಬಯಸಿದರೆ, ದಿಂಡಿಗ ಒಣಗುಡ್ಡಕ್ಕೂ ಒಗ್ಗುತ್ತದೆ. ರೂಪದಲ್ಲಿ ಇಷ್ಟು ಬೇರೆಯಾದ ದಿಂಡಿಗವನ್ನೂ 2017ರಲ್ಲಿ ವರ್ಗೀಕರಣಕಾರರು ಮತ್ತಿಯ ಕುಲವಾದ ಟರ್ಮಿನೇಲಿಯಕ್ಕೇ ಸೇರಿಸಿದ್ದಾರೆ.

ತೊಗಟೆಗೆ ವಯಸ್ಸೂ ಉಂಟು. ಎಳೆಯ ಬೂರುಗದ ಮೈತುಂಬ ದಪ್ಪಮುಳ್ಳು. ಮುದಿಮರದ ಬುಡದಲ್ಲಿ ಅವು ಸವೆದಿರುತ್ತವೆ. ಹೂವಿನ ಕೆಂಪನ್ನಷ್ಟೇ ನೋಡಿದರೆ ಬೂರುಗ, ಮುತ್ತುಗ, ಹಾಲವಾಣ ಮೂರೂ ಒಂದೇ ಎನ್ನಿಸಬಹುದು. ಆದರೆ ಬೂರುಗದ ಎಲೆ ಅಂಗೈಯಾಕಾರದ್ದು. ಉಳಿದೆರಡೂ ಮೂರೆಲೆಯವು, ಅವುಗಳಲ್ಲಿ ಮುಳ್ಳಿರುವುದು ಹಾಲವಾಣಕ್ಕೆ.

ಹೊನ್ನೆಯ ತೊಗಟೆ ಕೆತ್ತಿದರೆ ನೆತ್ತರಿನಂಥ ರಸ ಒಸರುವುದು ಒಳ್ಳೆಯ ಗುರುತು. ಆದರೂ ಪಾಠಕ್ಕೆಂದು ಪ್ರತಿವರ್ಷ ಅದೇ ಮರವನ್ನು ಕೆತ್ತುವ ರೂಢಿ ನಿಲ್ಲಬೇಕು. ಹಳೆಯ ಗಾಯದಲ್ಲಿ ಹೆಪ್ಪುಗಟ್ಟಿದ ಅಂಟೇ ಸಾಕು. ಜಿಲ್ಲೆಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಮಾದರಿ ಹಾಳೆಯ ಜೊತೆಗೆ ತೊಗಟೆಯ ಚಿತ್ರ, ಮರದ ಸುತ್ತಳತೆ, ಊರವರು ಹೇಳುವ ಹೆಸರು ಇವನ್ನೂ ಕಡ್ಡಾಯವಾಗಿ ದಾಖಲಿಸಲಿ.