ಚಿತ್ರದೊಳಗಿನ ಹಳ್ಳಿ ಶಾಲೆ

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದೇ ನಾನೂ ಬಹುಕಾಲ ಪಾಠ ಮಾಡಿದೆ. ಆ ಅಭಿಪ್ರಾಯವನ್ನು ಬದಲಿಸಿದ್ದು ಅಮೆರಿಕದ ವಿನ್ಸ್ಲೋ ಹೋಮರ್ (1836–1910) ಅವರ ಚಿತ್ರಗಳು.

1861ರಿಂದ 1865ರವರೆಗೆ ನಡೆದ ಅಂತರ್ಯುದ್ಧವನ್ನು ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಗಾಗಿ ಚಿತ್ರಿಸಿದ ಹೋಮರ್, ಆಮೇಲೆ ಹಳ್ಳಿಯ ಮಕ್ಕಳತ್ತ ತಿರುಗಿದರು. 1871ರ ‘ದಿ ಕಂಟ್ರಿ ಸ್ಕೂಲ್’ ಚಿತ್ರದಲ್ಲಿರುವುದು ಒಂದೇ ಕೋಣೆಯ ಶಾಲೆ. ಪುಸ್ತಕ ಹಿಡಿದು ನಿಂತ ಎಳೆವಯಸ್ಸಿನ ಶಿಕ್ಷಕಿ, ಹಿಂದೆ ಕಪ್ಪುಹಲಗೆ, ಬೆಂಚುಗಳ ಮೇಲೆ ಬೇರೆ ಬೇರೆ ವಯಸ್ಸಿನ ಮಕ್ಕಳು. ಕೆಲವರದು ಬರಿಗಾಲು, ಒಬ್ಬ ಪುಟ್ಟ ಹುಡುಗ ಅಳುತ್ತಿದ್ದಾನೆ. ಅಷ್ಟೂ ಮಕ್ಕಳಿಗೆ ಆಕೆಯೊಬ್ಬಳೇ. ಶಿಕ್ಷಕ ವೃತ್ತಿಗೆ ಹೆಣ್ಣುಮಕ್ಕಳು ಹೆಚ್ಚಾಗಿ ಬರುತ್ತಿದ್ದ ಕಾಲವದು. ಮರುವರ್ಷದ ‘ಸ್ನ್ಯಾಪ್ ದಿ ವಿಪ್’ನಲ್ಲಿ ಹುಡುಗರು ಕೈಕೈ ಹಿಡಿದು ಸಾಲಾಗಿ ಓಡುತ್ತಾರೆ, ತುದಿಯಲ್ಲಿದ್ದವರು ಆಯತಪ್ಪಿ ಬೀಳುತ್ತಾರೆ. ಹಿಂದೆ ಕೆಂಪು ಬಣ್ಣದ ಶಾಲೆ, ಅದರಾಚೆ ಬೆಟ್ಟ. ಯಾವ ಶಾಸನದಲ್ಲೂ ಸಿಗದ ಇತಿಹಾಸವಿದು.

ಆದರೆ ಚಿತ್ರಗಳೂ ಎಲ್ಲವನ್ನೂ ಹೇಳುವುದಿಲ್ಲ. 1836ರಲ್ಲಿ ಥಾಮಸ್ ಕೋಲ್ ಬರೆದ ‘ದಿ ಆಕ್ಸ್‌ಬೋ’ನಲ್ಲಿ ಎಡಕ್ಕೆ ಮಳೆಗಾಳಿಗೆ ಸಿಕ್ಕ ಕಾಡು; ಬಲಕ್ಕೆ ಕನೆಕ್ಟಿಕಟ್ ನದಿಯ ತಿರುವಿನಲ್ಲಿ ಹಸನಾದ ಹೊಲಗಳು. ಆ ನೆಲದ ಮೂಲನಿವಾಸಿಗಳು ಮಾತ್ರ ಕಾಣುವುದಿಲ್ಲ.

ಆದ್ದರಿಂದ ಯಾರಿದ್ದಾರೆ ಎಂಬುದರ ಜೊತೆಗೆ ಯಾರಿಲ್ಲ ಎಂದೂ ಕೇಳಬೇಕು. ನಮ್ಮ ಶಾಲೆಯ 50 ವರ್ಷಗಳ ಗುಂಪು ಫೋಟೋಗಳನ್ನು ನೋಡುವಾಗಲೂ ಹಾಗೆ ಕೇಳೋಣ. ಓದನ್ನು ಅರ್ಧಕ್ಕೇ ಬಿಟ್ಟು ಹೊಲಕ್ಕೆ ಹೋದವರು ಅವುಗಳಲ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇನ್ನೂ ಇದೆ.